ಸ್ವೀಟ್ ಕಾರ್ನ್ ಟಿನ್ ಕೊಳ್ಳುವಾಗ ಅದರ ಬೆನ್ನು ಓದಿ

ಒಂದು ಸಲ ಸಲಾಡ್ ಮಾಡೋಣ ಅಂತ ಸ್ವೀಟ್ ಕಾರ್ನ್ ಟಿನ್ ತಂದಿದ್ದೆ. ಮುಚ್ಚಳ ತೆಗೆದು ನೋಡಿದರೆ ಒಳಗೆ ಕಾಳಿನ ಬದಲು ಹಳದಿ ಗಂಜಿ! ಟಿನ್ನಿನ ಮೇಲೆ ಮುತ್ತಿನಂಥ ಕಾಳುಗಳ ಚಿತ್ರ ಇತ್ತು. ಅದನ್ನು ನೋಡಿಯೇ ಬುಟ್ಟಿಗೆ ಹಾಕಿಕೊಂಡಿದ್ದೆ. ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ 'ಕ್ರೀಮ್ ಸ್ಟೈಲ್' ಅಂತ ಇದ್ದದ್ದು ಆಮೇಲೆ ಕಾಣಿಸಿತು. ಓದದೆ ತಂದ ತಪ್ಪು ನನ್ನದೇ. ಆ ದಿನ ಸಲಾಡ್ ಹೋಗಿ ಸೂಪ್ ಆಯಿತು.

ಅಂದಿನಿಂದ ಟಿನ್ ಕೈಗೆ ಸಿಕ್ಕ ಕೂಡಲೇ ತಿರುಗಿಸಿ ನೋಡುವುದು ಅಭ್ಯಾಸ ಆಗಿಬಿಟ್ಟಿದೆ. ಮುಂದೆ ಬರೆದಿರುವುದು ಮಾರುವವರ ಮಾತು. ಹಿಂದೆ ಇರುವುದು ಕಾನೂನು ಅವರ ಕೈಯಲ್ಲಿ ಬರೆಸಿದ ಮಾತು. ಹಿಂದಿನದನ್ನು ಓದಲು ಒಂದು ನಿಮಿಷ ಸಾಕು. ಆದರೆ ಎಲ್ಲಿ ಕಣ್ಣು ಹಾಯಿಸಬೇಕು ಅಂತ ಗೊತ್ತಿರಬೇಕು.

ಮೊದಲು: ಯಾವ ಬಗೆಯ ಟಿನ್ ಬೇಕು?

ಅಂಗಡಿಗೆ ಹೋಗುವ ಮುಂಚೆಯೇ ಇದನ್ನು ತೀರ್ಮಾನಿಸಿಕೊಳ್ಳಿ. ಏನು ಅಡುಗೆ ಮಾಡುತ್ತೀರಿ ಅನ್ನುವುದರ ಮೇಲೆ ಇದು ನಿಂತಿದೆ.

'ಹೋಲ್ ಕರ್ನಲ್' ಅಂದರೆ ಇಡೀ ಕಾಳು. ತೆನೆಯಿಂದ ಕತ್ತರಿಸಿದ ಕಾಳುಗಳನ್ನು ನೀರಿನಲ್ಲಿ ಅಥವಾ ಉಪ್ಪುನೀರಿನಲ್ಲಿ ಹಾಕಿರುತ್ತಾರೆ. ಸಲಾಡ್, ಪಲ್ಯ, ಅನ್ನದ ಜೊತೆ ಕಲಸುವುದು, ಹೀಗೆ ಯಾವುದಕ್ಕೂ ಆಗುತ್ತದೆ. ಯಾವುದು ಕೊಳ್ಳಬೇಕು ಅಂತ ಗೊಂದಲವಿದ್ದರೆ ಇದನ್ನೇ ಕೊಳ್ಳಿ.

'ವ್ಯಾಕ್ಯೂಮ್ ಪ್ಯಾಕ್ಡ್' ಅಂತ ಬರೆದದ್ದರಲ್ಲೂ ಇಡೀ ಕಾಳೇ ಇರುತ್ತದೆ. ಆದರೆ ನೀರು ತುಂಬಾ ಕಡಿಮೆ. ಗಾಳಿ ತೆಗೆದು ಸೀಲ್ ಮಾಡಿರುತ್ತಾರೆ. ಕಾಳು ಸ್ವಲ್ಪ ಗಟ್ಟಿಯಾಗಿ, ಕಚ್ಚಿದರೆ ಸಿಡಿಯುವ ಹಾಗೆ ಉಳಿಯುತ್ತದೆ. ನನಗೆ ಇದೇ ಇಷ್ಟ.

'ಕ್ರೀಮ್ ಸ್ಟೈಲ್' ಅಂದರೆ ನಾನು ಮೋಸ ಹೋದ ಬಗೆ. ಹೆಸರಿನಲ್ಲಿ ಕ್ರೀಮ್ ಇದ್ದರೂ ಹೆಚ್ಚಿನವುಗಳಲ್ಲಿ ಹಾಲಿನ ಕೆನೆ ಇರುವುದೇ ಇಲ್ಲ. ಕಾಳನ್ನು ಕತ್ತರಿಸಿ, ದಿಂಡಿಗೆ ಅಂಟಿದ ರಸವನ್ನು ಕೆರೆದು ಸೇರಿಸಿ, ಮೇಲೆ ಪಿಷ್ಟ ಹಾಕಿ ಮಂದ ಮಾಡಿರುತ್ತಾರೆ. ಸಕ್ಕರೆ, ಉಪ್ಪು ಕೂಡ ಇದರಲ್ಲಿ ಜಾಸ್ತಿ ಇರುವುದು ಸಾಮಾನ್ಯ. ಸೂಪಿಗೆ ಒಳ್ಳೆಯದು. ಹಾಲು ಒಗ್ಗದವರು ಪದಾರ್ಥಗಳ ಸಾಲು ಓದಿಯೇ ತೆಗೆದುಕೊಳ್ಳಲಿ. ಕೆಲವು ತಯಾರಿಕೆಗಳಲ್ಲಿ ಬೆಣ್ಣೆ ಅಥವಾ ಹಾಲಿನ ಪುಡಿ ಸೇರಿರಬಹುದು.

ಬೇಬಿ ಕಾರ್ನ್ ಬೇರೆಯೇ ವಸ್ತು, ಅದು ಕಾಳು ಕಟ್ಟುವ ಮುಂಚೆ ಕಿತ್ತ ಎಳೆ ತೆನೆ. 'ಹೋಮಿನಿ' ಅಂತ ಇದ್ದರೆ ಅದು ಸುಣ್ಣದಂಥ ಕ್ಷಾರದಲ್ಲಿ ಬೇಯಿಸಿ ಸಿಪ್ಪೆ ತೆಗೆದ ಒಣ ಮೆಕ್ಕೆಜೋಳ. ಅದರಲ್ಲಿ ಸ್ವೀಟ್ ಕಾರ್ನಿನ ಸಿಹಿ ಇರುವುದಿಲ್ಲ. ಕೆಲವು ಲೇಬಲ್ಲುಗಳಲ್ಲಿ ಕಾರ್ನ್ ಬದಲು 'ಮೇಜ್' ಅಂತ ಇರುತ್ತದೆ. ಹೆದರಬೇಡಿ, ಎರಡೂ ಒಂದೇ.

ಪದಾರ್ಥಗಳ ಸಾಲು

ಲೇಬಲ್ಲಿನಲ್ಲಿ ಒಂದೇ ಒಂದು ಸಾಲು ಓದಲು ಸಮಯ ಇದೆ ಅಂದರೆ ಇದನ್ನು ಓದಿ. ಇದಕ್ಕೊಂದು ನಿಯಮ ಇದೆ: ತೂಕದಲ್ಲಿ ಯಾವುದು ಜಾಸ್ತಿಯೋ ಅದು ಮೊದಲು ಬರಬೇಕು, ಆಮೇಲೆ ಕಡಿಮೆ ಇರುವವು ಒಂದೊಂದಾಗಿ. ಬಹುತೇಕ ಎಲ್ಲ ದೇಶಗಳಲ್ಲೂ ಇದೇ ಪದ್ಧತಿ.

ಒಳ್ಳೆಯ ಟಿನ್ನಿನ ಸಾಲು ತುಂಬಾ ಚಿಕ್ಕದು. 'ಸ್ವೀಟ್ ಕಾರ್ನ್, ನೀರು.' ಕೆಲವದರಲ್ಲಿ 'ಸ್ವೀಟ್ ಕಾರ್ನ್, ನೀರು, ಉಪ್ಪು.' ಇನ್ನು ಕೆಲವದರಲ್ಲಿ ಸಕ್ಕರೆಯೂ ಸೇರುತ್ತದೆ. ಸಕ್ಕರೆಯ ಹೆಸರು ಉಪ್ಪಿಗಿಂತ ಮುಂಚೆ ಬಂದಿದ್ದರೆ ಉಪ್ಪಿಗಿಂತ ಸಕ್ಕರೆಯೇ ಜಾಸ್ತಿ ಅಂತ ತಿಳಿಯಿರಿ.

ನಾಲ್ಕೈದು ಹೆಸರು ದಾಟಿದರೆ ಸ್ವಲ್ಪ ನಿಂತು ನೋಡಿ. 'ಮಾಡಿಫೈಡ್ ಸ್ಟಾರ್ಚ್' ಕ್ರೀಮ್ ಸ್ಟೈಲ್‌ನಲ್ಲಿ ಸಹಜ, ಮಂದ ಮಾಡುವುದಕ್ಕೆ ಅದು ಬೇಕು. ಇಡೀ ಕಾಳಿನ ಟಿನ್ನಿನಲ್ಲಿ ಅದಕ್ಕೆ ಕೆಲಸವಿಲ್ಲ. 'ಸಿಟ್ರಿಕ್ ಆಸಿಡ್' ಅಥವಾ 330 ಅನ್ನುವುದು ನಿಂಬೆಯಲ್ಲಿ ಇರುವ ಹುಳಿಯೇ. 'ಕ್ಯಾಲ್ಸಿಯಂ ಕ್ಲೋರೈಡ್' ಅಥವಾ 509 ಕಾಳು ಮೆತ್ತಗಾಗದಂತೆ ಹಿಡಿದಿಡುವ ಉಪ್ಪಿನಂಥ ವಸ್ತು. ನಂಬರ್ ಕಂಡ ಕೂಡಲೇ ವಿಷ ಅಂದುಕೊಳ್ಳಬೇಕಿಲ್ಲ. ಆದರೆ ಬಣ್ಣ ಸೇರಿಸಿದ್ದಾರೆ ಅಂತ ಕಂಡರೆ ನಾನು ಟಿನ್ನನ್ನು ಅಲ್ಲೇ ವಾಪಸ್ ಇಡುತ್ತೇನೆ. ಹಳದಿ ಕಾಳಿಗೆ ಲ್ಯೂಟಿನ್, ಝಿಯಾಝಾಂಥಿನ್ ಎಂಬ ತನ್ನದೇ ಬಣ್ಣಗಳಿವೆ. ಒಳ್ಳೆಯ ಕಾಳಿಗೆ ಮೇಕಪ್ ಯಾಕೆ?

ಸಂರಕ್ಷಕ ಅಂದರೆ ಪ್ರಿಸರ್ವೇಟಿವ್ ಹಾಕದೆ ವರ್ಷಗಟ್ಟಲೆ ಹೇಗೆ ಉಳಿಯುತ್ತದೆ ಅಂತ ಕೇಳುವವರು ಬಹಳ. ಉತ್ತರ ಪ್ರೆಶರ್ ಕುಕ್ಕರಿನಲ್ಲಿದೆ. ಕಾಳು ತುಂಬಿ ಸೀಲ್ ಮಾಡಿದ ಟಿನ್ನನ್ನೇ ಒತ್ತಡದಲ್ಲಿ ಸುಮಾರು 115ರಿಂದ 121 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಸ್ವೀಟ್ ಕಾರ್ನಿನಲ್ಲಿ ಹುಳಿ ಕಡಿಮೆ, ಪಿಎಚ್ 4.6ಕ್ಕಿಂತ ಮೇಲೆ (ಪಿಎಚ್ ಹುಳಿಯ ಅಳತೆ, ಹುಳಿ ಕಡಿಮೆಯಾದಷ್ಟೂ ಅದು ಏರುತ್ತದೆ). ಇಂಥ ಆಹಾರದಲ್ಲಿ ಬಾಟ್ಯುಲಿಸಂ ಎಂಬ ಪ್ರಾಣಾಪಾಯದ ವಿಷಾಹಾರ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಬೆಳೆಯಬಲ್ಲವು. ಅವು ಬರೀ ಕುದಿಯುವ ನೀರಿಗೆ ಸಾಯುವುದಿಲ್ಲ, ಅದಕ್ಕೇ ಇಷ್ಟು ಬಿಸಿ. ಆಮೇಲೆ ಹೊರಗಿನಿಂದ ಏನೂ ಒಳಗೆ ಹೋಗಲು ದಾರಿ ಇಲ್ಲ. ಹಾಗಾಗಿ 'ನೋ ಪ್ರಿಸರ್ವೇಟಿವ್ಸ್' ಅಂತ ದೊಡ್ಡದಾಗಿ ಬರೆದದ್ದನ್ನು ನೋಡಿ ಹೆಚ್ಚು ದುಡ್ಡು ಕೊಡಬೇಡಿ. ಪಕ್ಕದ ಟಿನ್ನಿನಲ್ಲೂ ಅದು ಇರುವುದಿಲ್ಲ.

ಆಹಾರವನ್ನು ಸೀಲ್ ಮಾಡಿ ಕಾಯಿಸಿ ಕಾಪಾಡುವ ವಿದ್ಯೆಯನ್ನು ಫ್ರಾನ್ಸಿನ ನಿಕೋಲಾ ಅಪೇರ್ 1810ರಲ್ಲೇ ಪುಸ್ತಕ ಮಾಡಿ ಪ್ರಕಟಿಸಿದ. ಅವನು ಬಳಸಿದ್ದು ಗಾಜಿನ ಬಾಟಲಿ. ಆಹಾರ ಯಾಕೆ ಕೆಡುವುದಿಲ್ಲ ಅಂತ ಅವನಿಗೂ ಗೊತ್ತಿರಲಿಲ್ಲ. ಸೂಕ್ಷ್ಮಜೀವಿಗಳ ವಿಷಯವನ್ನು ಪಾಶ್ಚರ್ ಬಿಡಿಸಿ ಹೇಳಿದ್ದು ಎಷ್ಟೋ ದಶಕಗಳ ನಂತರ. ತಮಾಷೆ ಅಂದರೆ ಟಿನ್ ಡಬ್ಬಿ ಬಂದ ಮೇಲೂ ಅದನ್ನು ತೆರೆಯುವ ಓಪನರ್ ಬಂದದ್ದು 1850ರ ದಶಕದಲ್ಲಿ. ಅಲ್ಲಿಯವರೆಗೆ ಉಳಿ, ಸುತ್ತಿಗೆಯೇ ಗತಿ!

ತೂಕ: ಎರಡು ನಂಬರ್, ಒಂದೇ ಸತ್ಯ

'ನೆಟ್ ವೇಟ್' ಅಂದರೆ ಕಾಳು ಮತ್ತು ನೀರು ಸೇರಿದ ತೂಕ. 'ಡ್ರೈನ್ಡ್ ವೇಟ್' ಅಂದರೆ ನೀರು ಬಸಿದ ಮೇಲೆ ಉಳಿಯುವ ಕಾಳಿನ ತೂಕ. ನೀವು ತಿನ್ನುವುದು ಎರಡನೆಯದನ್ನು.

ಉದಾಹರಣೆಗೆ, ಒಂದು ಟಿನ್ನಿನಲ್ಲಿ ನೆಟ್ 400 ಗ್ರಾಂ, ಬಸಿದ ತೂಕ 240 ಗ್ರಾಂ. ಪಕ್ಕದ ಚಿಕ್ಕ ಟಿನ್ನಿನಲ್ಲಿ ನೆಟ್ 340 ಗ್ರಾಂ, ಬಸಿದ ತೂಕ 285 ಗ್ರಾಂ. ಕಣ್ಣಿಗೆ ಮೊದಲನೆಯದು ದೊಡ್ಡದು. ಕಾಳು ಜಾಸ್ತಿ ಇರುವುದು ಎರಡನೆಯದರಲ್ಲಿ, ಅದೂ 45 ಗ್ರಾಂ ಜಾಸ್ತಿ. ಬೆಲೆಯನ್ನು ಬಸಿದ ತೂಕದಿಂದ ಭಾಗಿಸಿ ನೋಡಿ, ಯಾವುದು ಅಗ್ಗ ಅಂತ ಆಗ ಗೊತ್ತಾಗುತ್ತದೆ. ದೊಡ್ಡ ಟಿನ್ ಅಗ್ಗ ಅನ್ನುವ ಲೆಕ್ಕ ಎಷ್ಟೋ ಸಲ ಇಲ್ಲಿ ಬಿದ್ದುಹೋಗುತ್ತದೆ.

ದ್ರವದಲ್ಲಿ ತುಂಬಿದ ಆಹಾರಕ್ಕೆ ಬಸಿದ ತೂಕ ಬರೆಯಬೇಕು ಅಂತ ಕೋಡೆಕ್ಸ್ ಅಲಿಮೆಂಟೇರಿಯಸ್ ಹೇಳುತ್ತದೆ. ಇದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಸೇರಿ ನಡೆಸುವ ಅಂತರರಾಷ್ಟ್ರೀಯ ಆಹಾರ ಮಾನದಂಡಗಳ ವ್ಯವಸ್ಥೆ. ಆದರೂ ಎಲ್ಲ ಟಿನ್ನಿನ ಮೇಲೂ ಈ ನಂಬರ್ ಸಿಗುವುದಿಲ್ಲ. ಸಿಗದಿದ್ದರೆ ಟಿನ್ನನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತೇನೆ. ಜಾಸ್ತಿ ಗುಳುಗುಳು ಅಂದರೆ ನೀರು ಜಾಸ್ತಿ. ಇದು ವಿಜ್ಞಾನವೇನೂ ಅಲ್ಲ, ಸುಮ್ನೆ ಒಂದು ಅಂದಾಜು.

ಉಪ್ಪು

ಟಿನ್ ಕಾಳಿನಲ್ಲಿ ನಿಜವಾಗಿ ಯೋಚಿಸಬೇಕಾದ ವಿಷಯ ಇದು. ತೆನೆಯಿಂದ ಬಿಡಿಸಿದ ಹಸಿ ಸ್ವೀಟ್ ಕಾರ್ನಿನಲ್ಲಿ 100 ಗ್ರಾಂಗೆ ಸುಮಾರು 15 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಉಪ್ಪು ಹಾಕಿದ ಟಿನ್ನಿನ ಕಾಳಿನಲ್ಲಿ ಅದು 200 ಮಿಲಿಗ್ರಾಂ ಹತ್ತಿರ ಹೋಗುತ್ತದೆ. ಕಾಳು ಉಪ್ಪು ಅಂತ ನಾಲಿಗೆಗೆ ಅನಿಸುವುದೇ ಇಲ್ಲ, ಸಿಹಿ ಅದನ್ನು ಮುಚ್ಚಿಬಿಡುತ್ತದೆ.

ಕೆಲವು ಲೇಬಲ್ ಸೋಡಿಯಂ ಬರೆಯುತ್ತವೆ, ಕೆಲವು ಸಾಲ್ಟ್ ಬರೆಯುತ್ತವೆ. ಎರಡೂ ಒಂದೇ ಅಲ್ಲ. ಸೋಡಿಯಂ ಅನ್ನು 2.5ರಿಂದ ಗುಣಿಸಿದರೆ ಉಪ್ಪು. 240 ಗ್ರಾಂ ಕಾಳಿನ ಟಿನ್ನು, 100 ಗ್ರಾಂಗೆ 200 ಮಿಲಿಗ್ರಾಂ ಸೋಡಿಯಂ ಅಂದುಕೊಳ್ಳಿ. ಇಡೀ ಟಿನ್ನಿನಲ್ಲಿ 480 ಮಿಲಿಗ್ರಾಂ ಸೋಡಿಯಂ, ಅಂದರೆ 1.2 ಗ್ರಾಂ ಉಪ್ಪು. ದೊಡ್ಡವರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಟಿನ್ ಖಾಲಿ ಮಾಡಿದರೆ ಅದರ ಕಾಲು ಭಾಗ ಮುಗಿಯಿತು. ಮೇಲೆ ನೀವು ಅಡುಗೆಗೆ ಹಾಕುವ ಉಪ್ಪು ಬೇರೆ.

ಇಲ್ಲಿ ಇನ್ನೊಂದು ಕಣ್ಕಟ್ಟು ಇದೆ. ಕೆಲವು ಲೇಬಲ್ ಲೆಕ್ಕವನ್ನು 100 ಗ್ರಾಂಗೆ ಕೊಡದೆ 'ಪರ್ ಸರ್ವಿಂಗ್' ಅಂತ ಕೊಡುತ್ತವೆ. ಸರ್ವಿಂಗ್ ಎಷ್ಟು ಅಂತ ನೋಡಿದರೆ ಅರ್ಧ ಕಪ್. ಒಂದು ಟಿನ್ನಿನಲ್ಲಿ ಮೂರು ಮೂರೂವರೆ ಸರ್ವಿಂಗ್ ಇರಬಹುದು. ನೀವು ಅರ್ಧ ಟಿನ್ ತಿಂದರೆ ಆ ನಂಬರನ್ನು ಹೆಚ್ಚುಕಡಿಮೆ ಎರಡರಿಂದ ಗುಣಿಸಬೇಕು. ಎರಡು ಟಿನ್ ಹೋಲಿಸುವಾಗ ಎರಡನ್ನೂ 100 ಗ್ರಾಂ ಲೆಕ್ಕಕ್ಕೆ ತನ್ನಿ. ಆ ನಂಬರ್ ಬಸಿದ ಕಾಳಿನದ್ದೋ ನೀರೂ ಸೇರಿದ್ದೋ ಅನ್ನುವುದನ್ನೂ ನೋಡಿ. ಎಷ್ಟೋ ಸಲ ಪಟ್ಟಿಯ ತಲೆಯಲ್ಲೇ ಸಣ್ಣದಾಗಿ ಬರೆದಿರುತ್ತಾರೆ.

ಉಪ್ಪಿನ ವಿಷಯದಲ್ಲಿ ಮುಂಭಾಗದ ಮಾತುಗಳಿಗೆ ಬೇರೆ ಬೇರೆ ಅರ್ಥ ಇದೆ. 'ನೋ ಆಡೆಡ್ ಸಾಲ್ಟ್' ಅಂದರೆ ತಯಾರಿಸುವಾಗ ಉಪ್ಪು ಹಾಕಿಲ್ಲ, ಕಾಳಿನದ್ದೇ ಆದ ಚೂರು ಸೋಡಿಯಂ ಇರುತ್ತದೆ ಅಷ್ಟೇ. 'ಲೋ ಸೋಡಿಯಂ' ಅಂದರೆ ಕೋಡೆಕ್ಸ್ ಪ್ರಕಾರ 100 ಗ್ರಾಂಗೆ 120 ಮಿಲಿಗ್ರಾಂ ದಾಟಬಾರದು. 'ರೆಡ್ಯೂಸ್ಡ್' ಅನ್ನುವುದರಲ್ಲಿ ಹುಷಾರಾಗಿರಿ. ಅದರ ಅರ್ಥ ಸಾಮಾನ್ಯ ಟಿನ್ನಿಗಿಂತ ಕನಿಷ್ಠ 25 ಶೇಕಡ ಕಡಿಮೆ ಅಂತ ಮಾತ್ರ. ಸಾಮಾನ್ಯದ್ದರಲ್ಲಿ ಬಹಳ ಇದ್ದರೆ, ಕಾಲು ಭಾಗ ತೆಗೆದರೂ ಉಳಿದದ್ದು ಬಹಳವೇ ಅಲ್ವಾ?

ಉಪ್ಪು ಹಾಕದ ಟಿನ್ ಸಿಗದಿದ್ದರೆ ಕಾಳನ್ನು ಬಸಿದು, ನಲ್ಲಿಯ ಕೆಳಗೆ ಒಂದು ಸಲ ತೊಳೆಯಿರಿ. ಸ್ವಲ್ಪ ಸೋಡಿಯಂ ಇಳಿಯುತ್ತದೆ. ಪೂರ್ತಿ ಹೋಗುವುದಿಲ್ಲ, ಒಳಗೆ ಇಳಿದ ಉಪ್ಪು ತೊಳೆದರೆ ಬರುವಂಥದ್ದಲ್ಲ. ರಕ್ತದೊತ್ತಡ ಇರುವವರ ಮನೆಗೆ, ಪುಟ್ಟ ಮಕ್ಕಳಿಗೆ ಕೊಡುವುದಕ್ಕೆ ಉಪ್ಪಿಲ್ಲದ ಟಿನ್ನನ್ನೇ ಹುಡುಕುವುದು ಒಳ್ಳೆಯದು. ನಿಮಗೆ ಬೇಕಾದಷ್ಟು ಉಪ್ಪನ್ನು ನೀವೇ ಹಾಕಿಕೊಳ್ಳಬಹುದು. ಹಾಕಿದ್ದನ್ನು ತೆಗೆಯುವುದು ಕಷ್ಟ.

ಸಕ್ಕರೆ

ಸ್ವೀಟ್ ಕಾರ್ನಿನಲ್ಲಿ ತನ್ನದೇ ಸಿಹಿ ಇದೆ. ಬಸಿದ ಟಿನ್ ಕಾಳಿನಲ್ಲಿ 100 ಗ್ರಾಂಗೆ 4ರಿಂದ 5 ಗ್ರಾಂ ಸಕ್ಕರೆ ಸಹಜ. ತಳಿ ಹೆಚ್ಚು ಸಿಹಿಯದ್ದಾದರೆ ಇನ್ನೂ ಒಂದೆರಡು ಗ್ರಾಂ ಮೇಲೆ ಹೋಗಬಹುದು. ಹಾಗಾಗಿ ಪಟ್ಟಿಯಲ್ಲಿ 'ಟೋಟಲ್ ಶುಗರ್ಸ್' ಕಂಡು ಗಾಬರಿ ಆಗಬೇಡಿ. 'ಆಡೆಡ್ ಶುಗರ್ಸ್' ಅಂತ ಬೇರೆ ಸಾಲು ಇದ್ದರೆ ಅದನ್ನು ನೋಡಿ. ಆ ಸಾಲು ಇಲ್ಲದಿದ್ದರೆ ಪದಾರ್ಥಗಳ ಪಟ್ಟಿಗೆ ಹಿಂದಿರುಗಿ. ಸಕ್ಕರೆ, ಗ್ಲೂಕೋಸ್, ಡೆಕ್ಸ್ಟ್ರೋಸ್, ಸಿರಪ್, ಇವುಗಳಲ್ಲಿ ಯಾವುದೇ ಹೆಸರು ಕಂಡರೂ ಹೊರಗಿನಿಂದ ಹಾಕಿದ್ದಾರೆ ಅಂತ ಅರ್ಥ.

ಹಾಕುವ ಅಭ್ಯಾಸಕ್ಕೂ ಒಂದು ಕಾರಣ ಇದೆ. ತೆನೆ ಕಿತ್ತ ಗಳಿಗೆಯಿಂದ ಕಾಳಿನ ಸಕ್ಕರೆ ಪಿಷ್ಟವಾಗಲು ಶುರುವಾಗುತ್ತದೆ. ಹಳೆಯ ತಳಿಗಳಲ್ಲಿ ಇದು ಬಹಳ ಬೇಗ ಆಗುತ್ತಿತ್ತು. 1950ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಜಾನ್ ಲಾಫ್‌ನನ್ ಎಂಬ ವಿಜ್ಞಾನಿ ಒಣಗಿದಾಗ ಸುರುಟಿಕೊಳ್ಳುವ ಒಂದು ಬಗೆಯ ಕಾಳನ್ನು ಬಾಯಿಗೆ ಹಾಕಿಕೊಂಡಾಗ ಅದು ವಿಪರೀತ ಸಿಹಿಯಾಗಿತ್ತು. ಅಲ್ಲಿಂದ 'ಸೂಪರ್ ಸ್ವೀಟ್' ತಳಿಗಳು ಬಂದವು. ಅವುಗಳಲ್ಲಿ ಸಿಹಿ ಜಾಸ್ತಿ, ಅದು ಪಿಷ್ಟವಾಗುವುದೂ ನಿಧಾನ. ಲೇಬಲ್ಲಿನಲ್ಲಿ ಆ ಮಾತು ಕಂಡರೆ ಸಕ್ಕರೆ ಸುರಿದಿದ್ದಾರೆ ಅಂದುಕೊಳ್ಳಬೇಡಿ, ಅದು ತಳಿಯ ಹೆಸರು. ಅಂಥ ಕಾಳಿಗೆ ಮತ್ತೆ ಸಕ್ಕರೆ ಹಾಕಿದ್ದರೆ ಮಾತ್ರ ನನಗೆ ಅರ್ಥ ಆಗುವುದಿಲ್ಲ.

ಮುಂಭಾಗದ ಉಳಿದ ಮಾತುಗಳು

'ಕೊಲೆಸ್ಟ್ರಾಲ್ ಫ್ರೀ': ಕೊಲೆಸ್ಟ್ರಾಲ್ ಪ್ರಾಣಿಗಳಿಂದ ಬರುವ ಆಹಾರದ ವಿಷಯ. ಜೋಳಕ್ಕೂ ಅದಕ್ಕೂ ಸಂಬಂಧವಿಲ್ಲ. ಮೀನಿಗೆ ಈಜು ಬರುತ್ತದೆ ಅಂತ ಹೊಗಳಿದ ಹಾಗೆ ಆಯಿತು.

'ಗ್ಲುಟೆನ್ ಫ್ರೀ': ಗೋಧಿಯಲ್ಲಿರುವ ಗ್ಲುಟೆನ್ ಮೆಕ್ಕೆಜೋಳದಲ್ಲಿ ಇಲ್ಲ. ಆದರೂ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ ಇರುವವರಿಗೆ ಈ ಮಾತು ಬೇಕು. ಕ್ರೀಮ್ ಸ್ಟೈಲ್‌ನಲ್ಲಿ ಹಾಕುವ ಪಿಷ್ಟ ಗೋಧಿಯದ್ದೂ ಆಗಿರಬಹುದು. ಅಲರ್ಜಿ ಎಚ್ಚರಿಕೆಯ ಸಾಲನ್ನು ಅವರು ಬಿಡದೆ ಓದಲಿ.

'ನ್ಯಾಚುರಲ್', 'ಫಾರ್ಮ್ ಫ್ರೆಶ್': ಮುಂದೆ ಹೋಗಿ.

ಟಿನ್ನಿನದ್ದು ಸತ್ವ ಇಲ್ಲದ ಆಹಾರ ಅನ್ನುವವರಿಗೆ ಒಂದು ಮಾತು. ಕಾಯಿಸಿದಾಗ ಸಿ ಜೀವಸತ್ವ ಒಂದಿಷ್ಟು ಹೋಗುವುದು ನಿಜ. ಆದರೆ ಕಾಳಿನ ಸಿಪ್ಪೆಗೆ ಕಟ್ಟಿಕೊಂಡಿರುವ ಫೆರುಲಿಕ್ ಆಮ್ಲ ಎಂಬ ಒಳ್ಳೆಯ ವಸ್ತು ಬಿಸಿಗೆ ಬಿಡಿಸಿಕೊಂಡು ಹೆಚ್ಚಾಗುತ್ತದೆ ಅಂತ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2002ರಲ್ಲಿ ತೋರಿಸಿದರು. ನಾರು, ಪಿಷ್ಟ, ಪ್ರೋಟೀನ್ ಹೆಚ್ಚುಕಡಿಮೆ ಹಾಗೇ ಉಳಿಯುತ್ತವೆ.

ತಾರೀಖು ಮತ್ತು ಟಿನ್ನಿನ ಮೈ

'ಬೆಸ್ಟ್ ಬಿಫೋರ್' ಅಂದರೆ ರುಚಿ, ಬಣ್ಣ ಚೆನ್ನಾಗಿರುವ ಗಡುವು. 'ಯೂಸ್ ಬೈ' ಅಥವಾ 'ಎಕ್ಸ್‌ಪೈರಿ' ಅಂತ ಇದ್ದರೆ ಅದನ್ನು ದಾಟಬೇಡಿ. ಈ ತರಹದ ಟಿನ್ನುಗಳು ತಂಪಾದ ಒಣ ಜಾಗದಲ್ಲಿ ಸಾಮಾನ್ಯವಾಗಿ 2ರಿಂದ 5 ವರ್ಷ ಚೆನ್ನಾಗಿರುತ್ತವೆ. ಪಕ್ಕದಲ್ಲಿ ಅಚ್ಚಾದ ಬ್ಯಾಚ್ ನಂಬರ್ ಯಾರೂ ನೋಡುವುದಿಲ್ಲ. ತಯಾರಕರು ಯಾವುದಾದರೂ ಮಾಲನ್ನು ವಾಪಸ್ ಕರೆಸಿದಾಗ ನಿಮ್ಮ ಟಿನ್ ಅದರಲ್ಲಿ ಇದೆಯೋ ಇಲ್ಲವೋ ಅಂತ ಹೇಳುವುದು ಅದೇ.

ತಾರೀಖಿಗಿಂತ ನಾನು ಜಾಸ್ತಿ ನಂಬುವುದು ಟಿನ್ನಿನ ಮೈಯನ್ನು. ತಲೆ ಅಥವಾ ತಳ ಉಬ್ಬಿದ್ದರೆ ಮುಟ್ಟಬೇಡಿ. ಒಳಗೆ ಸೂಕ್ಷ್ಮಜೀವಿಗಳು ಬೆಳೆದು ಗಾಳಿ ತುಂಬಿರಬಹುದು. ಸೋರಿದ ಗುರುತು, ಅಂಟಂಟು ಲೇಬಲ್, ಆಳವಾದ ತುಕ್ಕು, ಇವೂ ಬೇಡ. ಒರೆಸಿದರೆ ಹೋಗುವ ಮೇಲುಮೇಲಿನ ತುಕ್ಕಿಗೆ ಚಿಂತೆ ಇಲ್ಲ. ನೆಗ್ಗಿದ ಟಿನ್ನಿನ ವಿಷಯದಲ್ಲಿ ಎಲ್ಲಿ ನೆಗ್ಗಿದೆ ಅನ್ನುವುದು ಮುಖ್ಯ. ಹೊಟ್ಟೆಯ ಭಾಗದಲ್ಲಿ ಚಿಕ್ಕ ತಗ್ಗು ಇದ್ದರೆ ಪರವಾಗಿಲ್ಲ. ಮೇಲಿನ ಕೆಳಗಿನ ಅಂಚಿನ ಮೇಲೆ ಅಥವಾ ಪಕ್ಕದ ಜೋಡಣೆಯ ಗೆರೆಯ ಮೇಲೆ ನೆಗ್ಗಿದ್ದರೆ, ಅಥವಾ ಬೆರಳು ಇಳಿಯುವಷ್ಟು ಆಳ ಇದ್ದರೆ, ಸೀಲ್ ಬಿಟ್ಟಿರಬಹುದು. ರಿಯಾಯಿತಿ ಅಂತ ಅಂಥದ್ದನ್ನು ರಾಶಿ ಹಾಕಿ ಮಾರಿದರೂ ಬೇಡ.

ಮನೆಗೆ ತಂದ ಮೇಲೆ

ಮುಚ್ಚಳವನ್ನು ಮೊದಲು ಒರೆಸಿ, ಮೇಲಿನ ಧೂಳು ಒಳಗೆ ಬೀಳದಿರಲಿ. ತೆರೆದ ಕೂಡಲೇ ರಸ ಚಿಮ್ಮಿದರೆ, ಕೆಟ್ಟ ವಾಸನೆ ಬಂದರೆ, ನೊರೆ ಕಂಡರೆ ಹಾಗೇ ಎಸೆಯಿರಿ. ಕೆಟ್ಟಿದೆಯಾ ನೋಡೋಣ ಅಂತ ನಾಲಿಗೆಗೆ ಹಚ್ಚಬೇಡಿ. ಬಾಟ್ಯುಲಿಸಂ ವಿಷ ಇದ್ದರೆ ಒಂದು ಚೂರೂ ಅಪಾಯ, ಅದಕ್ಕೆ ವಾಸನೆಯೂ ಇರಬೇಕೆಂದಿಲ್ಲ.

ಟಿನ್ನಿನ ಒಳಮೈಯಲ್ಲಿ ಬೂದು ಅಥವಾ ಕಪ್ಪು ಕಲೆ ಕಂಡರೆ ಮಾತ್ರ ಗಾಬರಿ ಬೇಡ. ಕಾಳಿನ ಪ್ರೋಟೀನಿನಲ್ಲಿ ಗಂಧಕ ಇದೆ. ಕಾಯಿಸಿದಾಗ ಅದು ಬಿಡುಗಡೆಯಾಗಿ ಲೋಹದ ಜೊತೆ ಸೇರಿ ಕಪ್ಪಾಗುತ್ತದೆ. ಇದು ಸ್ವೀಟ್ ಕಾರ್ನ್ ತಯಾರಕರ ಹಳೆಯ ತಲೆನೋವು. ಇದಕ್ಕೆಂದೇ ಸತುವಿನ ಆಕ್ಸೈಡ್ ಬೆರೆಸಿದ ಒಳಲೇಪ ಬಂತು. ಅದರ ಹೆಸರೇ 'ಸಿ ಎನಾಮಲ್', ಸಿ ಅಂದರೆ ಕಾರ್ನ್! ಒಳಲೇಪದ ಮಾತು ಬಂದದ್ದರಿಂದ ಬಿಪಿಎ ಬಗ್ಗೆಯೂ ಹೇಳುತ್ತೇನೆ. ಟಿನ್ನಿನ ಲೇಪಗಳಲ್ಲಿ ಬಹಳ ಕಾಲ ಬಳಕೆಯಲ್ಲಿದ್ದ ಈ ರಾಸಾಯನಿಕವನ್ನು ಆಹಾರ ಮುಟ್ಟುವ ವಸ್ತುಗಳಲ್ಲಿ ನಿಷೇಧಿಸಲು ಯುರೋಪಿಯನ್ ಒಕ್ಕೂಟ 2024ರ ಡಿಸೆಂಬರಿನಲ್ಲಿ ತೀರ್ಮಾನಿಸಿತು. ಬೇರೆ ಕಡೆಯೂ ಅನೇಕ ತಯಾರಕರು ಬಿಟ್ಟಿದ್ದಾರೆ. ಚಿಂತೆ ಇದ್ದರೆ ಲೇಬಲ್ಲಿನಲ್ಲಿ 'ಬಿಪಿಎ' ಬಗ್ಗೆ ಸಾಲು ಹುಡುಕಿ, ಅಥವಾ ಗಾಜಿನ ಜಾರಿನಲ್ಲಿ ಬರುವುದನ್ನು ಕೊಳ್ಳಿ.

ಕಾಳು ಟಿನ್ನಿನಲ್ಲೇ ಬೆಂದಿರುತ್ತದೆ, ಮತ್ತೆ ಕುದಿಸಬೇಕಿಲ್ಲ. ಒಗ್ಗರಣೆಗೆ ಅಥವಾ ಸೂಪಿಗೆ ಕೊನೆಯಲ್ಲಿ ಹಾಕಿ ಬಿಸಿ ಮಾಡಿದರೆ ಸಾಕು. ಬಸಿದ ನೀರನ್ನು ಚೆಲ್ಲಲೇಬೇಕೆಂದಿಲ್ಲ, ಸೂಪಿಗೆ ಸೇರಿಸಬಹುದು. ಅದರಲ್ಲಿ ಉಪ್ಪು ಇದ್ದರೆ ನೀವು ಹಾಕುವುದನ್ನು ಅಷ್ಟು ಕಡಿಮೆ ಮಾಡಿ.

ಉಳಿದದ್ದನ್ನು ತೆರೆದ ಟಿನ್ನಿನಲ್ಲೇ ಫ್ರಿಜ್ಜಿಗೆ ತಳ್ಳಬೇಡಿ, ಲೋಹದ ರುಚಿ ಹತ್ತುತ್ತದೆ. ಗಾಜಿನ ಅಥವಾ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಿಟ್ಟರೆ 3ರಿಂದ 4 ದಿನ ಇರುತ್ತದೆ. ಅಷ್ಟರಲ್ಲಿ ಖಾಲಿ ಆಗುವುದಿಲ್ಲ ಅನಿಸಿದರೆ ಚೆನ್ನಾಗಿ ಬಸಿದು, ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಫ್ರೀಜರಿನಲ್ಲಿಡಿ. ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ. ಹಾಗೆ ಮಾಡಿದರೆ ಮುದ್ದೆ ಕಟ್ಟುವುದಿಲ್ಲ, ಬೇಕಾದಾಗ ಒಂದು ಹಿಡಿ ತೆಗೆದುಕೊಳ್ಳಬಹುದು.